ಬದುಕಿದವಳ ಮರಣ ತಾರೀಖು

ಒಂಬತ್ತನೆಯ ಕಂತು

"ಹುಡುಕ್ಕೋತ ಬಂದಾಂವ ಉತ್ತಮನ್ನ ಕೇಳ್ಲೇ ಇಲ್ರೀ ಆಪಾ," ಎಂದಳು ಸರ್ದಾರಬಿ. "ಬಾಗಲಾ ಕೇಳಿದ."

"ಬಾಗಲಾ?"

"ಹೌದ್ರಿ. ಫೋನಿನ್ಯಾಗ ಒಂದು ಫೋಟೋ ಇತ್ತು. ಈ ಹಸರು ಬಾಗಲಾ ಎಲ್ಲ್ಯದ ಅಂತ ತೋರ್ಸಿದ. ನಾ ನಕ್ಕೆ. ಎದುರಿಗೇ ಅದಲ್ಲೋ ಬಾಬಾ, ಕಣ್ಣು ಎಲ್ಲಿಟ್ಟು ಬಂದಿ ಅಂದೆ."

ಹೇಳಿದವಳೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಾಣಿಕನಗರದಲ್ಲಿ ಅವಳದು ಗೇಣಗಲದ ಬಳೆ ಅಂಗಡಿ. ಎದುರಿಗೇ ಆ ಹಸಿರು ಬಾಗಿಲು, ಈಗ ಅದಕ್ಕೆ ಬೀಗ. ಬೀಗ ಹಾಕಿದವಳು ನಾನೇ.

ಹಿಂದಿನದನ್ನು ಒಂದೇ ಮಾತಿನಲ್ಲಿ ಹೇಳುತ್ತೇನೆ: ಆ ಬಾಗಿಲ ಹಿಂದೆ ಅಡಗಿ ಸಂಸಾರ ಮಾಡುತ್ತಿದ್ದ ಉತ್ತಮನನ್ನು ಹಳ್ಳಿಖೇಡದ ರಸ್ತೆಯಲ್ಲಿ ನಂಬರಿಲ್ಲದ ಜೀಪೊಂದು ಹೊಡೆದು ಕೊಂದು ಇಂದಿಗೆ ಐದು ದಿನ; ಅವನ ಹೆಂಡತಿ ಮಯೂರಿ ಎರಡು ತಿಂಗಳ ಕೂಸಿನೊಂದಿಗೆ ಬಸವಕಲ್ಯಾಣದಲ್ಲಿ ನನ್ನ ಮನೆಯ ಮಾಳಿಗೆಯಲ್ಲಿದ್ದಾಳೆ.

ಕಾಗದದಲ್ಲಿ ಅದು ಅಪಘಾತ. ಕಬ್ಬಿನ ಟ್ರ್ಯಾಕ್ಟರ್ ನಿಲ್ಲಿಸಿ ಟಯರು ನೋಡಲು ಇಳಿದವನನ್ನು ಒಂದು ಜೀಪು ಹೊಡೆಯಿತು, ಹಿಂದೆ ಬಂದು ಇನ್ನೊಮ್ಮೆ ಹೊಡೆಯಿತು. ಎರಡು ಸಲ ಆಗುವ ಅಪಘಾತವನ್ನು ನನ್ನ ಇಪ್ಪತ್ತೊಂಬತ್ತು ವರ್ಷದ ಖಾಕಿ ನೌಕರಿಯಲ್ಲಿ ನಾನು ಕಂಡಿಲ್ಲ. ಉತ್ತಮ ದೊಡ್ಡ ಮನೆತನದ ಹುಡುಗ, ಮಯೂರಿ ಮೋರಖಂಡಿಯ ಬೌದ್ಧ ಮಾಸ್ತರರ ಮಗಳು. ಅವನ ಅಣ್ಣಂದಿರು ಒಂದು ವರ್ಷದಿಂದ ಹುಡುಕುತ್ತಿದ್ದರು. ಇಷ್ಟಕ್ಕೆ ಸಾಕ್ಷಿ ಬೇಡ, ಊರಿಗೇ ಗೊತ್ತು. ಗೊತ್ತಿಲ್ಲದ್ದು ಒಂದೇ. ಒಂದು ವರ್ಷ ಸಿಗದವರು ಈಗ ಹೇಗೆ ಸಿಕ್ಕರು?

ಅದು ನನಗೆ ಗೊತ್ತಾಗಲೇಬೇಕಿತ್ತು. ಅವರನ್ನು ಇಲ್ಲಿಗೆ ಕರೆತಂದ ಬಾಯಿ ಯಾವುದೋ, ಅದೇ ಬಾಯಿ ನಾಳೆ ಅವರನ್ನು ನನ್ನ ಮನೆಗೂ ಕರೆತರಬಲ್ಲದು.

"ಮತ್ತೇನು ಕೇಳ್ದ? ನೆನಸ್ಕೊ ಸರ್ದಾರಬಿ."

"ಆಮ್ರಪಾಲಿ ಆರಾಮ ಅದಾಳೇನು ಅಂದ. ಯಾವ ಆಮ್ರಪಾಲಿ ಅಂತ ನಾ ಕೇಳ್ದೆ. ಅದೇ ಆ ಕೂಸು ಅಂದ. ನಮಗ್ಯಾರಿಗೂ ಆ ಹೆಸರು ಮಾಲೂಮಿಲ್ರಿ. ತೊಟ್ಟಲಾ ಇನ್ನಾ ಹಾಕಿದ್ದಿಲ್ಲ. ಗುಬ್ಬಿ ಹಂಗ ಅದಾಳಂತ ನಾವೆಲ್ಲಾ ಚಿಮಣಿ ಚಿಮಣಿ ಅಂತಿದ್ವಿ. ಹೆಸರು ಹೇಳ್ತಾನಂದ್ರ ಸಂಬಂಧಿಕನೇ ಇರಬೇಕು ಅಂತ ನಂಬ್ದೆ. ನಾ ಪಾಪಿ ಆಪಾ."

"ಪಾಪಿ ನೀ ಅಲ್ಲ," ಎಂದೆ. ಅದು ಸಮಾಧಾನದ ಮಾತಲ್ಲ. ಪಾಪಿ ಬೇರೆ ಕಡೆ ಇದ್ದಾನೆ ಎಂದು ನನಗೆ ಆಗಲೇ ಖಾತ್ರಿಯಾಗಿತ್ತು.

ಹಸಿರು ಬಾಗಿಲ ಮುಂದೆ ಕೂಸನ್ನೆತ್ತಿಕೊಂಡು ನಿಂತ ಮಯೂರಿಯ ಆ ಫೋಟೋ ತೆಗೆದವಳು ಸರ್ದಾರಬಿಯೇ. ಮಯೂರಿ ಅದನ್ನು ಕಳಿಸಿದ್ದು ಒಬ್ಬಳಿಗೆ, ಮೋರಖಂಡಿಯ ತಾಯಿಗೆ. ಕೂಸಿನ ಹೆಸರು ಹೇಳಿದ್ದೂ ಅವಳೊಬ್ಬಳಿಗೇ. ನನ್ನ ಮನೆಯಲ್ಲಿ ಕೂತು, ಅಳಲೂ ತ್ರಾಣವಿಲ್ಲದೆ, ಮಯೂರಿ ನನಗೆ ಹೇಳಿದ್ದಳು: "ಅವ್ವಗ ಒಬ್ಬಾಕಿಗೇ ಹೇಳೀನ್ರಿ ಆಂಟಿ. ಬ್ಯಾರೆ ಯಾರಿಗೂ ಇಲ್ಲ."

ಮೋರಖಂಡಿಗೆ ಹೋಗುತ್ತೇನೆಂದು ಮನೆಗೆ ಫೋನ್ ಮಾಡಿ ತಿಳಿಸಿ ಸ್ಕೂಟಿ ತಿರುಗಿಸಿದೆ. ಹುಮನಾಬಾದ ದಾಟುವವರೆಗೂ ಮೈ ಉರಿಯುತ್ತಿತ್ತು.

ನಮ್ಮ ಕಡೆ ಹೊಸಬರು ಕಂಡರೆ ಮೊದಲ ಪ್ರಶ್ನೆ ಹೆಸರಲ್ಲ. 'ಯಾರ ಪೈಕಿ?' ಅಪ್ಪ, ಮುತ್ಯಾ, ಸೋದರಮಾವನ ಊರು ಇಷ್ಟು ಹೇಳಿದರೆ ಕುರ್ಚಿ ಬರುತ್ತದೆ, ಚಹಾ ಬರುತ್ತದೆ, ಬಾಗಿಲ ಒಳಗಿನ ಮಾತೂ ಬರುತ್ತದೆ. ಹೇಳದವನು ಎಷ್ಟು ವರ್ಷ ಇದ್ದರೂ ಹೊರಗಿನವನೇ. ಆ ಇಬ್ಬರು ಮಕ್ಕಳು ಮಾಣಿಕನಗರದಲ್ಲಿ ಒಂದು ವರ್ಷ ಆ ಪ್ರಶ್ನೆಯನ್ನು ಹಾರಿಸಿಕೊಂಡು ಬದುಕಿದರು. ಅವರ ರಿಜಿಸ್ಟರ್ ಮದುವೆಗೆ ಸಾಕ್ಷಿ ಹಾಕಿದವಳು ನಾನು. 'ಯಾರು ಕೇಳಿದರೂ ಪೈಕಿ ಹೇಳಬೇಡಿ' ಎಂದು ಕಲಿಸಿದವಳೂ ನಾನೇ.

*

ಮೋರಖಂಡಿಯಲ್ಲಿ ಬಾಗಿಲು ತೆರೆದವಳು ಮಯೂರಿಯ ತಾಯಿ ಕಮಳಾಬಾಯಿ. ನನ್ನನ್ನು ಕಂಡು ಅವಳ ಕಣ್ಣು ಮೊದಲು ನನ್ನ ಬೆನ್ನ ಹಿಂದೆ ಹೋಯಿತು. ಮಗಳು ಬಂದಿದ್ದಾಳೋ ಎಂದು.

"ಇಲ್ಲ," ಎಂದೆ. "ಆಕಿ ಸುರಕ್ಷಿತ ಅದಾಳ. ಮಾಸ್ತರ್ ಅದಾರೇನು?"

ಮಚ್ಚೇಂದ್ರ ಮಾಸ್ತರು ಪಡಸಾಲೆಯಲ್ಲಿ ಮೇಜಿನ ಮುಂದೆ ಕೂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಅಳಿಯ ಸತ್ತು ಐದು ದಿನವಾದ ಮನೆಯ ಯಜಮಾನನಂತೆ ಅವರು ಕಾಣಲಿಲ್ಲ. ಆ ಸುದ್ದಿಯನ್ನು ಫೋನಿನಲ್ಲಿ ಅವರಿಗೆ ತಿಳಿಸಿದವಳೂ ನಾನೇ. ತಂದೆಗೆ ಗೊತ್ತಿರಲಿ ಎಂದು ಹೇಳಿದ್ದೆ. ಕೇಳಿಸಿಕೊಂಡು ಫೋನ್ ಇಟ್ಟಿದ್ದರು.

ಅವರ ಹಿಂದಿನ ಗೋಡೆಯ ತುಂಬ ಒಂದು ಫ್ಲೆಕ್ಸ್. ನೆಲದಿಂದ ಮಾಳಿಗೆಯ ತನಕ ಹೆಸರುಗಳು, ಹೆಸರುಗಳಿಂದ ಗೆರೆಗಳು, ಗೆರೆಗಳಿಂದ ಮತ್ತೆ ಹೆಸರುಗಳು.

"ಇದೇನ್ರಿ ಮಾಸ್ತರ್ರ?"

ಕೇಳಿದ್ದೇ ತಡ, ಆ ಮನುಷ್ಯನ ಮುಖದಲ್ಲಿ ದೀಪ ಹತ್ತಿತು. ಎದ್ದು ನಿಂತರು.

"ವಂಶವೃಕ್ಷ. ಏಳು ತಲಿ. ನಾಕನೂರಾ ಹನ್ನೆರಡು ಹೆಸರು. ರಿಟೈರ್ ಆದಮ್ಯಾಲ ಆರು ವರ್ಷ ಊರೂರು ತಿರಗೀನ್ರಿ ಮೇಡಂ. ಕಂಪ್ಯೂಟರಿನ್ಯಾಗೂ ಅದ. ಜಗತ್ತಿನ್ಯಾಗ ಯಾರು ಬೇಕಾದ್ರೂ ನೋಡ್ಬಹುದು."

"ಯಾರು ಬೇಕಾದ್ರೂ?"

"ಯಾಕ ನೋಡಬಾರ್ದು?" ಅವರ ದನಿ ಏರಿತು. "ನಾ ಸಣ್ಣಾಂವಿದ್ದಾಗ ಊರಿಗಿ ಹೆಳವ್ರು ಬರ್ತಿದ್ರು. ಎತ್ತಿನ ಮ್ಯಾಲ ಕುಂತು, ಎಲ್ಲಾರ ಮನಿ ಮುಂದ ನಿಂತು, ಅವರ ಅಜ್ಜ ಮುತ್ತಜ್ಜರ ಹೆಸರು ಹಾಡಿ ಹೇಳ್ತಿದ್ರು. ನಮ್ಮ ಓಣಿ ಬಾಯಿಗಿ ಬಂದು ಎತ್ತು ತಿರಗಸ್ತಿದ್ರು. ನಮಗ ಮುತ್ತಜ್ಜರು ಇದ್ದಿಲ್ಲೇನು? ನಾವೇನು ನೆಲದಾಗ ಮೊಳತು ಬಂದ್ವೇನು?"

ಜಗಳಕ್ಕೆಂದೇ ಬಂದವಳಿಗೆ ಎದುರಿನವನು ನ್ಯಾಯವನ್ನೇ ಆಡಿದರೆ ಮುಜುಗರವಾಗುತ್ತದೆ.

"ಇಲ್ಲಿ ನೋಡ್ರಿ," ಎಂದು ಅವರು ಒಂದು ಹೆಸರಿನ ಮೇಲೆ ಬೆರಳಿಟ್ಟರು. ರತ್ನಮಾಲಾ. "ನನ್ನ ತಂಗಿ. ನಾಕು ವರ್ಷಕ್ಕ ಹೋದಳು. ಫೋಟೋ ಇಲ್ಲ, ಸಾಲಿ ದಾಖಲಾತಿ ಇಲ್ಲ, ಈ ಮನಿಯಾಗ ಆಕಿ ಹೆಸರು ಎತ್ತಿದವ್ರಿಲ್ಲ. ಹುಟ್ಟಿದ್ದಕ್ಕ ಇದೊಂದೇ ಗುರ್ತು."

ಪ್ರತಿ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇತ್ತು. ರತ್ನಮಾಲಾಳ ಕೆಳಗೆ: 'ಹೇಳಿದವರು: ತಾಯಿ, ಮೋರಖಂಡಿ.' ಇನ್ನೊಂದರ ಕೆಳಗೆ ಯಾವುದೋ ಅಜ್ಜಿಯ ಹೆಸರು, ಅವಳ ಊರು, ಓಣಿ.

"ನಮ್ಮ ಮಾತು ಯಾರೂ ನಂಬಂಗಿಲ್ರಿ," ಎಂದರು ಮಾಸ್ತರು. "ಅದಕ್ಕ ಒಂದೊಂದು ಮಾತಿಗೂ ಯಾರು ಹೇಳಿದ್ರು, ಎಲ್ಲಿಯವ್ರು, ಎಲ್ಲಾ ಬರಿತೀನಿ. ವಿಳಾಸ ಸುದ್ದಾ. ನಾಳೆ ಯಾರೂ ಸುಳ್ಳಂತ ಅನಬಾರ್ದು."

ಆ ಸಾಲನ್ನು ನಾನು ಆಗಲೇ ಗಮನವಿಟ್ಟು ನೋಡಬೇಕಿತ್ತು. ನೋಡಲಿಲ್ಲ. ನನ್ನ ಕಣ್ಣು ಆ ಗೋಡೆಯಲ್ಲಿ ಬೇರೆ ಹೆಸರನ್ನು ಹುಡುಕುತ್ತಿತ್ತು.

"ಮಯೂರಿ ಎಲ್ಲದಾಳ?"

ದೀಪ ಆರಿತು. ಮಾಸ್ತರು ಕುರ್ಚಿಗೆ ಮರಳಿದರು.

ಉತ್ತರ ಕೊಟ್ಟವನು ಒಳಗಿನಿಂದ ಬಂದ ಮಗ ಕುನಾಲ, ಮಯೂರಿಯ ಅಣ್ಣ. ಬಸವಕಲ್ಯಾಣದಲ್ಲಿ ಆನ್‌ಲೈನ್ ಅರ್ಜಿ ತುಂಬುವ ಅಂಗಡಿ ನಡೆಸುತ್ತಾನೆ. ಭಾನುವಾರವಾದ್ದರಿಂದ ಮನೆಯಲ್ಲಿದ್ದ. "ಫ್ಲೆಕ್ಸಿನ್ಯಾಗ ಇಲ್ರಿ ಮೇಡಂ. ಕಂಪ್ಯೂಟರಿನ್ಯಾಗ ಅದಾಳ."

"ತೋರ್ಸು."

ಅವನು ತನ್ನ ಫೋನು ತೆಗೆದ. ನಾನು ತಡೆದೆ. "ನಿಂದು ಬ್ಯಾಡ. ನಿಮ್ಮ ಮನಿಯವ್ರಿಗೆ ಎಲ್ಲಾ ಕಾಣ್ತದ. ನಾ ಹೊರಗಿನಾಕಿ. ನನ್ನ ಫೋನಿನ್ಯಾಗ ಏನು ಕಾಣ್ತದ ನೋಡೂಣು."

ಮಯೂರಿ, ಮಚ್ಚೇಂದ್ರ, ಮೋರಖಂಡಿ. ಮೂರು ಪದ ಬರೆದು ಹುಡುಕಿದೆ. ಮೊದಲನೆಯದೇ ಆ ವಂಶವೃಕ್ಷ. ಮಾಸ್ತರರ ಹೆಸರಿರಬೇಕಾದಲ್ಲಿ ಬೂದು ಬಣ್ಣದ ಖಾಲಿ ಚೌಕ. ಕಮಳಾಬಾಯಿ, ಕುನಾಲ, ಅವರೂ ಬೂದು ಚೌಕಗಳೇ.

"ನಮ್ಮದು ಕಾಣಂಗಿಲ್ರಿ," ಎಂದ ಕುನಾಲ. "ಬದುಕಿದವ್ರ ಹೆಸರು ಹೊರಗಿನವ್ರಿಗೆ ತೋರ್ಸಂಗಿಲ್ಲ, ಅದು ಅವರ ಕಾಯ್ದೆ. ತೀರ್ಕೊಂಡವ್ರದು ಅಷ್ಟೇ ಎಲ್ಲಾರಿಗೂ ಕಾಣ್ತದ."

"ಹಂಗಾದ್ರ ಇದೇನು?"

ಬೂದು ಚೌಕಗಳ ನಡುವೆ ಒಂದು ಚೌಕ ಬಣ್ಣಬಣ್ಣವಾಗಿ ತೆರೆದುಕೊಂಡಿತ್ತು. ಮಯೂರಿ. ಹುಟ್ಟಿದ ತಾರೀಖು. ಅದರ ಪಕ್ಕದಲ್ಲಿ ಮರಣ: ಕಳೆದ ವರ್ಷದ ಮಾರ್ಚ್ ಹನ್ನೊಂದು. ಹೇಳಿದವರು: ಮಚ್ಚೇಂದ್ರ, ತಂದೆ.

ಮಾರ್ಚ್ ಹನ್ನೊಂದು ಅವಳು ಸಾಯಲಿಲ್ಲ. ಅಂದು ಅವಳು ಮದುವೆಯಾದಳು. ನಾನು ಸಹಿ ಹಾಕಿದ ತಾರೀಖು ನನಗೆ ಮರೆಯುವುದಿಲ್ಲ.

ಬೆರಳು ಕೆಳಗೆ ಸರಿಸಿದೆ. ಹಸಿರು ಬಾಗಿಲು, ಕೂಸು, ನಗುವ ಮಯೂರಿ. ಅದರಡಿ ಒಂದು ಸಾಲು: 'ಮಗಳು ಆಮ್ರಪಾಲಿ. ಈ ಜನವರಿಯಲ್ಲಿ ಜನನ. ಹೇಳಿದವರು: ಮಯೂರಿ, ಮಾಣಿಕನಗರ, ಹುಮನಾಬಾದ.'

ಸತ್ತು ಹತ್ತು ತಿಂಗಳಿಗೆ ಹೆತ್ತ ತಾಯಿ. ಹೆತ್ತದ್ದು ಎಲ್ಲಿ ಎಂಬುದನ್ನೂ ಅವಳೇ ಹೇಳಿದ್ದಾಳೆ.

"ಇದು ಬರದವ್ರು ಯಾರು?" ಫೋನನ್ನು ಮೂವರ ಮುಂದೆ ಹಿಡಿದೆ.

ಕಮಳಾಬಾಯಿ ಗೋಡೆ ಹಿಡಿದು ಕೂತಳು.

"ನಾನೇ ಅಂದೆನ್ರಿ ಅಕ್ಕಾರ. ಕುನಾಲಗ ಗಂಟು ಬಿದ್ದೆ. ಆ ಕೂಸಿಗಿ ತೊಟ್ಟಲಾ ಹಾಕೋರಿಲ್ಲ, ಹೆಸರು ಕರಿಯಾಕ ಅತ್ತಿ ಇಲ್ಲ, ಮನಿ ಇಲ್ಲ. ವಂಶದಾಗರ ಅದರ ಹೆಸರು ಇರ್ಲೋ ಅಪ್ಪಾ ಅಂದೆ."

"ಕೂಸಿನ ಚೌಕ ಬ್ಯಾರೆ ಮಾಡೀನ್ರಿ, ಅದು ಹೊರಗಿನವ್ರಿಗೆ ಕಾಣಂಗಿಲ್ಲ," ಎಂದ ಕುನಾಲ, ಬಡಬಡಿಸುತ್ತ. "ಫೋಟೋ ಒಂದು ಆಕಿ ಪುಟಕ್ಕ ಹಾಕ್ದೆ. ಅಪ್ಪನ ಪದ್ಧತಿ ಪ್ರಕಾರ ಹೇಳಿದವ್ರ ಹೆಸರೂ ಹಾಕ್ದೆ. ಆಕಿ ಪುಟಾ ಎಲ್ಲಾರಿಗೂ ತಗದದ ಅಂತ ನನಗ ಹೊಳೀಲೇ ಇಲ್ರಿ. ನಮ್ಮ ತಂಗಿ ಬದುಕ್ಯಾಳ ಅಂತ ನಮಗ ಗೊತ್ತದಲ್ರಿ."

ನಿಮಗೆ ಗೊತ್ತಿದೆ. ಜಾಲತಾಣಕ್ಕೆ ಗೊತ್ತಿಲ್ಲ. ಸಿಟ್ಟಿಗೆ ಮಗಳು ಸತ್ತಳೆಂದು ಎಳ್ಳುನೀರು ಬಿಡುವ ಅಪ್ಪಂದಿರನ್ನು ಈ ಸೀಮೆ ಬೇಕಾದಷ್ಟು ಕಂಡಿದೆ. ಅದಾದ ಎರಡು ವರ್ಷಕ್ಕೆ ಅದೇ ಮಗಳು ಕೂಸು ಎತ್ತಿಕೊಂಡು ಹಿತ್ತಲ ಬಾಗಿಲಿಂದ ಬರುತ್ತಾಳೆ, ಅಪ್ಪ ಮುಖ ತಿರುಗಿಸಿಕೊಂಡೇ ಕೂಸಿಗೆ ಬೆಲ್ಲ ನೆಕ್ಕಿಸುತ್ತಾನೆ. ಇಲ್ಲಿಯ ಸಾವಿಗೆ ಹಿತ್ತಲ ಬಾಗಿಲೊಂದು ಇರುತ್ತಿತ್ತು. ಯಂತ್ರಕ್ಕೆ ಅದು ತಿಳಿಯಲಿಲ್ಲ. ಸತ್ತಳು ಎಂದಿರಿ, ಸರಿ, ಇನ್ನು ಮುಚ್ಚುವುದು ಏನಿದೆ ಎಂದು ಎಲ್ಲವನ್ನೂ ತೆರೆದು ಇಟ್ಟಿತು.

ನಾನು ಕೊಲೆಗಾರನ ಬಾಯಿಯನ್ನು ಹುಡುಕಿ ಬಂದಿದ್ದೆ. ಸಿಕ್ಕವರು ಒಬ್ಬ ಸಿಟ್ಟಿನ ಅಪ್ಪ, ಒಬ್ಬಳು ಕರುಳಿನ ತಾಯಿ, ಒಬ್ಬ ಒಳ್ಳೆಯ ಅಣ್ಣ. ಮೂವರೂ ಸೇರಿ ಉತ್ತಮನ ಅಣ್ಣಂದಿರಿಗೆ ದಾರಿ ತೋರಿಸಿದ್ದರು. ಯಾರನ್ನು ಹಿಡಿದು ಬಡಿಯಲಿ?

"ಮಾಸ್ತರ್ರ," ಎಂದೆ. "ಆ ಮರಣದ ತಾರೀಖು ತೆಗೀರಿ. ಈಗಿಂದೀಗ."

"ತೆಗಿಯಂಗಿಲ್ಲ."

"ಏನಂದ್ರಿ?"

"ಬರದದ್ದು ಬರದಾಯ್ತು. ನಾ ಆಕಿದು ಹದಿಮೂರನೇ ದಿನದ ಊಟಾ ಹಾಕೀನಿ. ಇನ್ನೂರು ಮಂದಿ ಉಂಡಾರ."

"ನಾ ಉಣಲಿಲ್ಲ," ಎಂದಳು ಕಮಳಾಬಾಯಿ.

ಮಾಸ್ತರು ಅವಳ ಕಡೆ ನೋಡಲಿಲ್ಲ. ನನ್ನನ್ನೇ ನೋಡಿ ಮಾತಾಡಿದರು, ಮಾತು ಕಟ್ಟಿಕೊಂಡು ಬಂತು. "ಆ ಹುಡುಗನ ಮನಿ ಮುಂದ ನಮ್ಮಪ್ಪ ಚಪ್ಪಲಿ ಕೈಯಾಗ ಹಿಡ್ಕೊಂಡು ದಾಟ್ತಿದ್ದ. ನಾ ಅದು ಕಣ್ಣಾರೆ ನೋಡೀನಿ. ಅಂಥಾ ಮನೀ ಹುಡುಗನ ಹಿಂದ ಹೋದಳು, ಹೋಗ್ಲಿ. ಅವ ಛಲೋ ಹುಡುಗ ಇದ್ದಾನು. ಖರೆ ಆಕಿ ಹೋಗಿ ಏನು ಮಾಡಿದಳು? ಅಪ್ಪನ ಹೆಸರು ಹೇಳ್ಲಿಲ್ಲ, ಊರ ಹೆಸರು ಹೇಳ್ಲಿಲ್ಲ. ಯಾರ ಪೈಕಿ ಅಂದ್ರ ಬಾಯಿ ಮುಚ್ಕೊಂಡು ಕುಂತಳು. ನಾ ನಾಕನೂರಾ ಹನ್ನೆರಡು ಹೆಸರು ಕತ್ತಲದಾಗಿಂದ ಹೊರಗ ತಗದೆ. ನನ್ನ ಮಗಳು ಅವೆಲ್ಲಾ ಮತ್ತ ಒಳಗ ಹಾಕಿ ಚಿಲಕಾ ಹಾಕಿದಳು."

"ಆ ಚಿಲಕದಿಂದನೇ ಒಂದು ವರ್ಷ ಉಳದಳ್ರಿ."

"ಅಂಜಿ ಉಳಿಯೋದು ಏನು ಉಳಿಯೋದು?"

"ಅದು ನಿಮಗ ಹೇಳ್ಲಾಕ ಸುಲಭ," ಎಂದೆ. ಸಿಟ್ಟು ನೆತ್ತಿಗೇರಿತ್ತು, ಬಿಗಿಹಿಡಿಯಲಿಲ್ಲ. "ನಿಮ್ಮ ಹೆಸರಿನ ಮ್ಯಾಲ ಬೂದು ಚೌಕ ಅದ. ನೋಡ್ರಿ, ನಿಮ್ಮದು ಮುಚ್ಚ್ಯದ, ನಿಮ್ಮ ಮಗಂದು ಮುಚ್ಚ್ಯದ. ಈ ಮನಿಯಾಗ ಬತ್ತಲಾಗಿ ಬೀದಿಗಿ ನಿಂತಾಕಿ ಆಕಿ ಒಬ್ಬಾಕೀನೇ. ನೀವು ಎಲ್ಲಾ ಹೊರಗ ಇರಬೇಕು ಅಂತೀರಿ. ಖರೇ ಅದ, ನಿಮ್ಮ ಮುತ್ತಜ್ಜರ ಹೆಸರು ಹೊರಗ ಬರ್ಲಿ, ಊರಿಗೆಲ್ಲಾ ಕೇಳ್ಲಿ. ಆ ಹುಡುಗಿದು ಹೊರಗ ಇಡ್ಲಾಕ ಆಕಿನ್ನ ಯಾರು ಕೇಳಿದ್ರು? ಸತ್ತವ್ರನ್ನ ಕೇಳೋದು ಬ್ಯಾಡ ಅಂತ ಆಕಿನ್ನ ಸಾಯಿಸಿ ಬರದ್ರೇನು?"

ಕುನಾಲ ತಲೆ ತಗ್ಗಿಸಿ ನಿಂತಿದ್ದ. ಮಾಸ್ತರರ ಕೈ ಮೇಜಿನ ಅಂಚಿನ ಮೇಲಿತ್ತು.

"ಒಂದು ಕೇಳ್ತೀನಿ," ಎಂದೆ, ದನಿ ಇಳಿಸಿ. "ಮೊಮ್ಮಗಳ ಫೋಟೋ ಅಲ್ಲಿ ಹಾಕಿದ್ದು ನಿಮಗ ಗೊತ್ತಿತ್ತು?"

ಮಾಸ್ತರು ಜೇಬಿನ ಪೆನ್ನು ತೆಗೆದು ಮತ್ತೆ ಅಲ್ಲೇ ಸಿಕ್ಕಿಸಿದರು.

"ನೋಡಿದ್ದೆ," ಎಂದರು. "ಹಾಕಿದ ದಿನಾನೇ ನೋಡಿದ್ದೆ."

"ತೆಗಿಲಿಲ್ಲ ಯಾಕ?"

"ಕೂಸಿನ ಹಣಿ ನಮ್ಮ ರತ್ನಮಾಲಾಂದು ಅದ."

ಕಮಳಾಬಾಯಿ ಸೆರಗು ಮುಖಕ್ಕೆ ಒತ್ತಿಕೊಂಡಳು. ಆ ಮಾತನ್ನು ಅವಳೂ ಮೊದಲ ಸಲ ಕೇಳುತ್ತಿದ್ದಳು.

ಮಾಸ್ತರು ಕನ್ನಡಕ ಹಾಕಿಕೊಂಡು ಮಗನ ಕೈಯಿಂದ ಫೋನ್ ಇಸಿದುಕೊಂಡರು. ತೋರಿಸಲು ಹೋದ ಕುನಾಲನ ಕೈ ಸರಿಸಿದರು. ಒಂದೇ ಬೆರಳಿನಲ್ಲಿ, ಮಕ್ಕಳ ಪಟ್ಟಿಯ ಮೇಲೆ ಅಕ್ಷರ ತಿದ್ದುವ ಹಾಗೆ ನಿಧಾನವಾಗಿ, ತಾರೀಖು ಅಳಿಸಿದರು. ಕೆಳಗೆ ಎರಡು ಸಾಲು ಇದ್ದವು: 'ಮರಣ ಹೊಂದಿದ್ದಾರೆ', 'ಬದುಕಿದ್ದಾರೆ'. ಎರಡನೆಯದನ್ನು ಒತ್ತಿದರು.

ಅಲ್ಲಿಗೆ ಬಿಡುವ ಮನುಷ್ಯನಲ್ಲ. ಆಧಾರ ಬರೆಯದೆ ಒಂದು ಮಾತನ್ನೂ ಅವರು ಇಡುವುದಿಲ್ಲ. ಬರೆದದ್ದನ್ನು ಬಾಯಿಬಿಟ್ಟು ಓದಿದರು: "ಬದುಕಿದ್ದಾಳೆ. ಹೇಳಿದವರು: ಕಮಳಾಬಾಯಿ, ತಾಯಿ."

ನನ್ನ ಫೋನಿನಲ್ಲಿ ಮಯೂರಿಯ ನಗು ಮಾಯವಾಯಿತು. ಹಸಿರು ಬಾಗಿಲೂ ಹೋಯಿತು. ಬೂದು ಬಣ್ಣದ ಚೌಕವೊಂದು ಉಳಿಯಿತು. ಖಾಲಿ ಚೌಕ ನೋಡಿ ಅಷ್ಟು ಸಮಾಧಾನ ನನಗೆ ಯಾವತ್ತೂ ಆಗಿರಲಿಲ್ಲ. ತಡವಾಗಿತ್ತು, ಗೊತ್ತು. ಆದರೂ ತಾಯಿ ಮಗು ಇಬ್ಬರಾದರೂ ಉಳಿದರಲ್ಲ ಎಂದುಕೊಂಡೆ.

ಆಗ ಕಣ್ಣಿಗೆ ಬಿತ್ತು. ಬೂದು ಚೌಕದ ಮಗ್ಗುಲಲ್ಲಿ, ಇಷ್ಟು ಹೊತ್ತು ಅವಳ ತೆರೆದ ಪುಟದ ಅಡಿಯಲ್ಲಿದ್ದ ಇನ್ನೊಂದು ಚೌಕ, ಬಣ್ಣದ್ದು.

ಉತ್ತಮ. ಮರಣ: ಐದು ದಿನದ ಹಿಂದಿನ ತಾರೀಖು. ಸ್ಥಳ: ಹಳ್ಳಿಖೇಡ (ಬಿ) ರಸ್ತೆ.

ಅದರ ಕೆಳಗೆ ಸಣ್ಣ ಅಕ್ಷರ. 'ಹೇಳಿದವರು: ಶಹಜಾದಿ, ನಿವೃತ್ತ ಎಎಸ್‌ಐ, ಕುಲ್ಸುಮ್ ಬೀ ಅವರ ಮನೆ, ಕೋಟೆ ಹಿಂದಿನ ಓಣಿ, ಬಸವಕಲ್ಯಾಣ.'

ಶಹಜಾದಿ ನಾನು. ಕುಲ್ಸುಮ್ ಬೀ ನನ್ನ ಖಾಲಾ, ತಾಯಿಯ ತಂಗಿ; ನಾನಿರುವುದು ಅವಳ ಜೊತೆಗೇ. ಆ ಮನೆಯ ಮಾಳಿಗೆಯಲ್ಲೇ ಮಯೂರಿ ಇರುವುದು.

"ಇದು... ಇದು ಯಾವಾಗ ಬರದ್ರಿ?"

"ನೀವು ಫೋನ್ ಮಾಡಿದ ದಿನಾನೇ," ಎಂದರು ಮಾಸ್ತರು. "ಅವ ನನ್ನ ಅಳಿಯ. ಸತ್ತದ್ದು ಬರೀಬೇಕಲ್ಲ. ಹೋದ ವರ್ಷ ಆಕಿ ಮನಿ ಬಿಟ್ಟಮ್ಯಾಲ ನೀವು ಸಮಾಧಾನ ಹೇಳ್ಲಾಕ ಬಂದಾಗ ಕಾರ್ಡ್ ಕೊಟ್ಟಿದ್ರಿ. ಅದರಾಗಿನ ವಿಳಾಸ ಬರದೆ. ಯಾಕ, ತಪ್ಪದೇನು?"

ತಪ್ಪಿಲ್ಲ. ಒಂದಕ್ಷರವೂ ತಪ್ಪಿಲ್ಲ. ಐದು ದಿನದಿಂದ ಅದು ಜಗತ್ತಿಗೆಲ್ಲ ಕಾಣುತ್ತಿದೆ. ನಾನು ಊರೂರು ಅಲೆದು ಹುಡುಕುತ್ತಿದ್ದ ಬಾಯಿಗಳಲ್ಲಿ ಒಂದು ನನ್ನದೇ ಆಗಿತ್ತು.

ಮಯೂರಿಗೆ ಫೋನ್ ಮಾಡುವ ಹಾಗಿರಲಿಲ್ಲ. ಜಾಡು ಹಿಡಿದಾರೆಂದು ಅವಳ ಸಿಮ್ ಕಾರ್ಡು ಮುರಿದು ಹಾಕಿದ್ದೆ, ಬಹಳ ಬುದ್ಧಿವಂತೆಯ ಹಾಗೆ. ಖಾಲಾಳ ನಂಬರು ಒತ್ತಿದೆ. ಆರು ರಿಂಗಿಗೆ ಎತ್ತಿದಳು. ನಾವಿಬ್ಬರೂ ಮಾತಾಡುವುದು ದಖ್ಖನಿಯಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಖಾಲಾ, ಮಯೂರಿಗಿ ಫೋನ್ ಕೊಡು."

"ಎಲ್ಲಿಂದ ಕೊಡ್ಲಿ ಬೇಟಾ? ಆಕಿ ಹೋಗಿ ತಾಸು ಮ್ಯಾಲಾಯ್ತು."

ಪಡಸಾಲೆಯಲ್ಲಿ ಮೂವರೂ ನನ್ನ ಮುಖ ನೋಡುತ್ತಿದ್ದರು. ನಾನು ಗೋಡೆಯ ಕಡೆ ತಿರುಗಿದೆ.

"ಎಲ್ಲಿಗಿ?"

"ಮೋರಖಂಡಿಗಿ, ಆಕಿ ತವರಿಗಿ. ಅವರಪ್ಪ ಗಾಡಿ ಕಳ್ಸಿದ್ದ. ನೀ ಅಲ್ಲೇ ಅದಿಯಲ್ಲ, ಇನ್ನಾ ಬಂದಿಲ್ಲೇನು?"

"ಗೊತ್ತಿಲ್ಲದವ್ರಿಗೆ ಬಾಗಲಾ ತೆಗೀಬ್ಯಾಡ ಅಂತ ಹೇಳಿದ್ದೆ ಖಾಲಾ."

"ಗೊತ್ತಿಲ್ಲದಾಂವ ಹ್ಯಾಂಗಾಗ್ತಾನ?" ಖಾಲಾಳಿಗೆ ಸಿಟ್ಟು ಬಂತು. "ಯಾರ ಪೈಕಿ ಅಂತ ನಾ ಒಳಗಿಂದೇ ಕೇಳ್ದೆ. ನಾ ಮಚ್ಚೇಂದ್ರ ಮಾಸ್ತರ್ ಪೈಕಿ ಅಂದ. ಹೊರಗ ನಿಂತು ಆಕಿ ಮುತ್ಯಾನ ಹೆಸರು ಹೇಳ್ದ, ಮುತ್ಯಾನ ಅಪ್ಪನ ಹೆಸರು ಹೇಳ್ದ, ಏಳು ತಲಿ ಹೇಳ್ದ. ನಾಕು ವರ್ಷಕ್ಕ ಸತ್ತ ಸೋದರತ್ತಿ ಹೆಸರು ಸುದ್ದಾ ಹೇಳ್ದ, ಏನೋ ರತ್ನಮಾಲಾ ಅಂತ. ಅದು ಕೇಳಿ ಆಕೀನೇ ಓಡಿ ಬಂದು ಚಿಲಕಾ ತಗದಳು. ಈ ಹೆಸರು ಮನಿಯವ್ರಿಗೆ ಬಿಟ್ರ ಯಾರಿಗೂ ಗೊತ್ತಿಲ್ಲ ಖಾಲಾ ಅಂದಳು."

ಗೋಡೆಯ ಮೇಲಿನ ಆ ಹೆಸರು ನನ್ನ ಕಣ್ಣಿನ ಎದುರಿಗೇ ಇತ್ತು.

"ಬಾಳ ಖುಷಿಯಾಗಿ ಹೋದಳು ಬೇಟಾ," ಎಂದಳು ಖಾಲಾ. "ಐದು ದಿನಾ ಆಯ್ತು, ಇವತ್ತೇ ಆ ಹುಡುಗಿ ತಲಿ ಬಾಚ್ಕೊಂಡಿದ್ದು. ಅಪ್ಪ ಕರದಾನ, ಅಪ್ಪ ಕರದಾನ ಅಂತ ಕೂಸಿಗಿ ಹೊಸಾ ಅಂಗಿ ಹಾಕ್ದಳು."

ಬಸವಕಲ್ಯಾಣದಿಂದ ಮೋರಖಂಡಿಗೆ ಎಷ್ಟು ನಿಧಾನ ಬಂದರೂ ಅರ್ಧ ತಾಸು ಹಿಡಿಯುವುದಿಲ್ಲ.

ಫೋನ್ ಕಡಿದು ಪೊಲೀಸರ ತುರ್ತು ನಂಬರು ನೂರಾ ಹನ್ನೆರಡು ಒತ್ತಿ ಕಿವಿಗೆ ಹಿಡಿದೆ. ಕುನಾಲ ಆಗಲೇ ಬೈಕಿನ ಕೀಲಿಗೆ ಕೈಹಾಕಿದ್ದ. ಏನೂ ಹೇಳದೆ ಅವನಿಗೆ ಎಲ್ಲ ತಿಳಿದಿತ್ತು. ಮಾಸ್ತರರಿಗೂ ತಿಳಿದಿತ್ತು. ಅವರು ಫ್ಲೆಕ್ಸಿನ ಕಡೆಗೆ ಬೆನ್ನು ಮಾಡಿ ಬಾಗಿಲಲ್ಲಿ ನಿಂತು ರಸ್ತೆ ನೋಡುತ್ತಿದ್ದರು.

ತಿಳಿಯದಿದ್ದವಳು ಕಮಳಾಬಾಯಿ ಒಬ್ಬಳೇ. ನಾನು 'ಎಲ್ಲಿಗಿ' ಎಂದಾಗ ಫೋನಿನಿಂದ 'ಮೋರಖಂಡಿ' ಎಂಬ ಒಂದು ಮಾತು ಅವಳ ಕಿವಿಗೆ ಬಿದ್ದಿತ್ತು. ಅಷ್ಟು ಕೇಳಿ ಒಳಗೆ ಓಡಿದ್ದಳು. ಈಗ ಒಂದು ಕೈಯಲ್ಲಿ ರೊಟ್ಟಿ ತುಣುಕು, ಇನ್ನೊಂದು ಕೈಯಲ್ಲಿ ತಂಬಿಗೆ ನೀರು ಹಿಡಿದು ಹೊರಬಂದಳು. ಕೂಸು ಮೊದಲ ಸಲ ಹೊಸ್ತಿಲು ತುಳಿಯುವಾಗ ನಿವಾಳಿಸಿ ಒಗೆಯಬೇಕಲ್ಲ. ಇಂಥದ್ದನ್ನೆಲ್ಲ ಮೂಢನಂಬಿಕೆ ಎಂದು ಮನೆಯೊಳಗೆ ಬಿಟ್ಟುಕೊಳ್ಳದ ಮಾಸ್ತರು ಅವಳಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದರು.

ಅವಳು ಹೊಸ್ತಿಲಲ್ಲಿ ನಿಂತು ಕೇಳಿದಳು, "ಎಲ್ಲೀತನಾ ಬಂದಾರಂತ್ರಿ ಅಕ್ಕಾರ?"